ಪೇಂಟರ್ ಯಾವಾಗ ಕಲಾವಿದ ಆಗ್ತಾನೆ?

ಹೋದ ವರ್ಷ ನನ್ನ ಸೋದರಮಾವನನ್ನು ನಾನೇ ಏಣಿ ಹತ್ತಿಸಿದೆ.

ಅವರಿಗೆ ಆಗ ಅರವತ್ತೊಂದು ವರ್ಷ. ಮಂಡಿ ನೋವು. ಇನ್ನು ಏಣಿ ಮುಟ್ಟಬೇಡಿ ಎಂದು ಡಾಕ್ಟರ್ ಹೇಳಿ ಎರಡು ವರ್ಷವಾಗಿತ್ತು. ಆದರೆ ನನಗೆ ಫೋಟೊ ಬೇಕಿತ್ತು. ಅವರ ಬಗ್ಗೆ ಬರೆದು ಕಳಿಸಿದ್ದ ವರದಿ ಡೆಸ್ಕ್‌ನಲ್ಲಿ ಕೂತಿತ್ತು. ಅಲ್ಲಿಂದ ಫೋನ್ ಬಂತು. "ಚಿತ್ರದ ಪಕ್ಕ ನಿಂತಿರೋ ಫೋಟೊ ಯಾರು ನೋಡ್ತಾರೆ? ಏಣಿ ಮೇಲೆ ನಿಂತು, ಕೈಯಲ್ಲಿ ಡಬ್ಬ ಹಿಡ್ಕೊಂಡು, ಅಂಗಿ ಮೇಲೆಲ್ಲ ಬಣ್ಣ ಇರೋ ಥರ ಒಂದು ತೆಗೆದು ಕಳಿಸಿ. ಆಗ ಸ್ಟೋರಿ ನಿಲ್ಲುತ್ತೆ."

ಮಾವ ಮಾತಾಡದೆ ಹಳೇ ಅಂಗಿ ಹಾಕಿಕೊಂಡು ಪಕ್ಕದ ಮನೆಯ ಏಣಿ ತಂದರು. ನಾಲ್ಕು ಮೆಟ್ಟಿಲು ಹತ್ತಿ ನಿಂತರು. ನಾನು ಮೊಬೈಲ್‌ನಲ್ಲಿ ತೆಗೆದೆ. ಭಾನುವಾರ ಅಚ್ಚಾಯಿತು. ‘ಪೇಂಟರ್ ಕೈಯಲ್ಲಿ ಅರಳಿದ ಕಲೆ.’ ನಾನು ಐದು ಕಡೆ ‘ಕಲಾವಿದ’ ಎಂದು ಬರೆದಿದ್ದೆ. ಐದೂ ಹೋಗಿ ‘ಪೇಂಟರ್’ ಆಗಿದ್ದವು.

ಮಾವ ಪೇಪರ್ ಓದಿ ಮಡಚಿಟ್ಟು, "ಫೋಟೊ ಚೆನ್ನಾಗಿ ಬಂದೈತೆ ಕಣೋ" ಅಂದರು. ಅತ್ತೆ ಅಡುಗೆಮನೆಯಿಂದಲೇ ಅಂದರು: "ಅರವತ್ತಾದ ಮೇಲೂ ಇವರನ್ನ ಏಣಿ ಇಳಿಸಲಿಲ್ವಲ್ಲಪ್ಪಾ ನೀನು."

ಆ ಮಾತು ಒಂದು ವರ್ಷದಿಂದ ನನ್ನ ತಲೆಯಲ್ಲಿ ಕೂತಿದೆ. ಅದಕ್ಕೇ ಈ ಬರಹ.

ಮಾವ ಇರುವುದು ಬೆಂಗಳೂರಿನ ಬಿನ್ನಿಪೇಟೆಯಲ್ಲಿ. ಹೆಸರು ಕೇಳಿರುತ್ತೀರಿ, ಆದರೆ ಯಾರ ಪೇಟೆ ಅದು ಅಂತ ಗೊತ್ತಿರಲಿಕ್ಕಿಲ್ಲ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ಇವೆಲ್ಲ ವ್ಯಾಪಾರದ ಹೆಸರುಗಳು. ಬಿನ್ನಿಪೇಟೆ ಮಿಲ್ಲಿನ ಹೆಸರು. 1884ರಲ್ಲಿ ಬೆಂಗಳೂರು ಉಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಅಂತ ಶುರುವಾಯಿತು. ಎರಡು ವರ್ಷಕ್ಕೆ ಮದರಾಸಿನ ಬಿನ್ನಿ ಕಂಪನಿಯ ಕೈಗೆ ಬಂತು. ಜನರ ಬಾಯಲ್ಲಿ ಬಿನ್ನಿ ಮಿಲ್ ಆಯಿತು. ಸುತ್ತಮುತ್ತ ಕೂಲಿಕಾರರ ಮನೆಗಳು ಎದ್ದವು. ಸೈರನ್ ಕೂಗಿದರೆ ಇಡೀ ಪೇಟೆಯೇ ಎದ್ದು ಹೊರಡುತ್ತಿತ್ತಂತೆ. ನನ್ನ ತಾತ ದೊಡ್ಡಬಳ್ಳಾಪುರದ ಕಡೆ ಕೈಮಗ್ಗ ಬಿಟ್ಟು ಇಲ್ಲಿಗೆ ಬಂದು ಸೇರಿದವರು. ಮಗ್ಗದವನಿಗೆ ಮಿಲ್ಲು ಹೊಸದೇನಲ್ಲ, ಆದರೆ ಸದ್ದು ಹೊಸದು. ತಾತನಿಗೆ ಐವತ್ತಕ್ಕೇ ಕಿವಿ ಮಂದವಾಗಿತ್ತು.

ಈಗ ಮಿಲ್ಲು ಇಲ್ಲ. ಆ ಜಾಗದಲ್ಲಿ ಎತ್ತರದ ಅಪಾರ್ಟ್‌ಮೆಂಟ್‌ಗಳಿವೆ, ಒಂದು ಮಾಲ್ ಇದೆ. ಮಾಗಡಿ ರಸ್ತೆಯ ಮೆಟ್ರೊ ಇಳಿದು ನಡೆದರೆ ಮಿಲ್ಲಿನ ಹೆಸರು ರಸ್ತೆಯ ಬೋರ್ಡಿನಲ್ಲಿ ಮಾತ್ರ ಸಿಗುತ್ತದೆ.

ಮಾವನಿಗೆ ಮಿಲ್ಲಿನ ಕೆಲಸ ಸಿಗಲಿಲ್ಲ. ಹದಿನೈದನೇ ವಯಸ್ಸಿಗೆ ಕಾಟನ್‌ಪೇಟೆಯ ಒಬ್ಬ ಮೇಸ್ತ್ರಿಯ ಹತ್ತಿರ ಬೋರ್ಡ್ ಬರೆಯಲು ಸೇರಿದರು. ಮೊದಲ ಒಂದು ವರ್ಷ ಬ್ರಷ್ ಮುಟ್ಟಲು ಬಿಡಲಿಲ್ಲವಂತೆ. ತಗಡು ಉಜ್ಜುವುದು, ಪ್ರೈಮರ್ ಹೊಡೆಯುವುದು, ಸೀಮೆಎಣ್ಣೆಯಲ್ಲಿ ಬ್ರಷ್ ತೊಳೆಯುವುದು, ಚಾಕ್ ಪುಡಿ ಹಚ್ಚಿದ ದಾರವನ್ನು ಎಳೆದು ಹಿಡಿದು ಚಟ್ ಅಂತ ಬಿಟ್ಟು ಗೆರೆ ಕೂರಿಸುವುದು. ಎರಡನೇ ವರ್ಷ ಇಂಗ್ಲಿಷ್ ಅಕ್ಷರ. ಮೂರನೇ ವರ್ಷ ಕನ್ನಡ. "ಇಂಗ್ಲಿಷು ಸುಲಭ, ಎಲ್ಲಾ ಕೋಲು. ಕನ್ನಡ ಎಲ್ಲಾ ಗುಂಡು. ‘ಬಟ್ಟೆ ಅಂಗಡಿ’ ಬರೆಯೋಕೆ ಕೈ ಪಳಗಬೇಕಾದ್ರೆ ಮೂರು ವರ್ಷ ಬೇಕು" ಅಂತ ಮಾವ ಈಗಲೂ ಹೇಳುತ್ತಾರೆ. ಒತ್ತಕ್ಷರಕ್ಕೆ ಕೆಳಗೆ ಎಷ್ಟು ಜಾಗ ಬಿಡಬೇಕು ಅನ್ನುವುದು ಅವರ ಲೆಕ್ಕದಲ್ಲಿ ದೊಡ್ಡ ವಿದ್ಯೆ. ಬೋರ್ಡ್ ಬರೆದು ಮುಗಿಸುವ ಹೊತ್ತಿಗೆ ‘ತ್ರ’ದ ಬಾಲ ಚೌಕಟ್ಟಿನಾಚೆ ಹೋಗಿದ್ದರೆ ಮೇಸ್ತ್ರಿಯ ಕೈಯಿಂದ ತಲೆಗೆ ಬೀಳುತ್ತಿತ್ತು.

ಹೀಗೆ ಇಪ್ಪತ್ತೈದು ವರ್ಷ. ಕಿರಾಣಿ ಅಂಗಡಿ, ಟೈಲರ್, ಹೋಟೆಲು, ಸ್ಕೂಲ್ ವ್ಯಾನು, ಲಾರಿಯ ಹಿಂದುಗಡೆ, ಎಲೆಕ್ಷನ್ ಗೋಡೆ. ಕೈ, ಕಮಲ, ಚಕ್ರ, ತೆನೆ ಹೊತ್ತ ಮಹಿಳೆ, ಎಲ್ಲ ಪಕ್ಷಕ್ಕೂ ಬರೆದಿದ್ದಾರೆ. "ತೆನೆ ಹೊತ್ತವಳೇ ಕಷ್ಟ, ಉಳಿದೋವೆಲ್ಲ ಐದು ನಿಮಿಷ" ಅನ್ನುತ್ತಾರೆ. ಇದರಲ್ಲಿ ರಾಜಕೀಯ ಹುಡುಕಬೇಡಿ.

ನಿಮ್ಮೂರಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹಾಲಿನ ಡೇರಿ ಗೋಡೆ, ಪಂಚಾಯಿತಿ ಬೋರ್ಡು, ದೇವಸ್ಥಾನದ ಕಟ್ಟೆ ಮೇಲಿನ ದಾನಿಗಳ ಪಟ್ಟಿ ಬರೆದವರು. ಹಳೇ ಬೋರ್ಡ್ ಎಲ್ಲಾದರೂ ಉಳಿದಿದ್ದರೆ ಕೆಳಗಡೆ ಬಲ ಮೂಲೆ ನೋಡಿ. ಸಣ್ಣದಾಗಿ ಒಂದು ಹೆಸರು, ಅದರ ಮುಂದೆ ‘ಆರ್ಟ್ಸ್’. ಊರಿನವರು ಅವರನ್ನು ಪೇಂಟರ್ ಅಂದರು. ಪೇಪರಿನವರೂ ಪೇಂಟರ್ ಅಂದೆವು. ಅವರು ಮಾತ್ರ ಶುರುವಿನಿಂದಲೂ ಮೂಲೆಯಲ್ಲಿ ‘ಆರ್ಟ್ಸ್’ ಅಂತಲೇ ಬರೆದುಕೊಂಡು ಬಂದರು. ನಮಗೆ ಕಾಣಲಿಲ್ಲ.

ಕನ್ನಡದಲ್ಲಿ ಈ ಭೇದ ಮೊದಲಿನಿಂದ ಇತ್ತು ಅಂತಲೂ ನನಗನ್ನಿಸುವುದಿಲ್ಲ. ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಮಾತು. ಸ್ಕೂಲಲ್ಲಿ ಮೇಷ್ಟ್ರು "ಹಸುವಿನ ಚಿತ್ರ ಬರಿ" ಅಂತಲೇ ಹೇಳುತ್ತಿದ್ದರು.

ಆಮೇಲೆ ಫ್ಲೆಕ್ಸ್ ಬಂತು. ಇದನ್ನು ಹೆಚ್ಚು ಹೇಳಬೇಕಾಗಿಲ್ಲ, ನೀವೇ ನೋಡಿದ್ದೀರಿ. ಎರಡು ದಿನದ ಕೆಲಸ ಎರಡು ಗಂಟೆಗೆ ಇಳಿಯಿತು. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸ್ ಕೂಡ ಆ ಪಟ್ಟಿಯಲ್ಲಿತ್ತು. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸ್‌ಗಳನ್ನು ರಾಶಿ ರಾಶಿ ಕಿತ್ತುಹಾಕಿದರು. ಬೋರ್ಡ್ ಬರೆಯುವವರಿಗೆ ಮತ್ತೆ ಕಾಲ ಬಂತು ಅಂತ ಆಗ ನಾನೇ ಒಂದು ವರದಿ ಮಾಡಿದ್ದೆ. ಬರಲಿಲ್ಲ. ಬರೆಯುವವರು ಅಷ್ಟರಲ್ಲಿ ಬೇರೆ ಬೇರೆ ಕೆಲಸಕ್ಕೆ ಹೋಗಿಯಾಗಿತ್ತು.

ಮಾವ ಹೋದದ್ದು ಗೋಡೆ ಪೇಂಟಿಂಗ್‌ಗೆ. ಕಂಟ್ರಾಕ್ಟರ್ ಕೈಕೆಳಗೆ ದಿನಗೂಲಿ. ಪುಟ್ಟಿ, ಪ್ರೈಮರ್, ಎರಡು ಕೋಟ್. ಹದಿನೈದು ವರ್ಷ ಒಂದೇ ಒಂದು ಅಕ್ಷರ ಬರೆಯಲಿಲ್ಲ. ತಾತ ದುಡಿದ ಮಿಲ್ಲಿನ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟ್‌ನಲ್ಲೂ ಕೆಲಸ ಮಾಡಿದರು, ಮೂರು ತಿಂಗಳು, ಬಿಸ್ಕೆಟ್ ಬಣ್ಣ.

ಚಿತ್ರ ಶುರುವಾದದ್ದು 2020ರ ಲಾಕ್‌ಡೌನ್‌ನಲ್ಲಿ. ಕೆಲಸ ನಿಂತಿತ್ತು. ಮನೆಯಲ್ಲಿ ಉಳಿಕೆ ಬಣ್ಣದ ಡಬ್ಬಗಳಿದ್ದವು. ಎಲ್ಲ ಅಪಾರ್ಟ್‌ಮೆಂಟ್ ಬಣ್ಣ: ಕೆನೆ, ಬಿಸ್ಕೆಟ್, ತಿಳಿ ಬೂದಿ, ಒಂದಿಷ್ಟು ಇಟ್ಟಿಗೆ ಕೆಂಪು. ರಟ್ಟಿನ ಹಿಂಬದಿಯಲ್ಲಿ ತಾತನ ಮುಖ ಬರೆಯಲು ಕೂತರು. ತಾತನ ಫೋಟೊ ಮನೆಯಲ್ಲಿ ಇರುವುದು ಒಂದೇ, ಅದೂ ಮಿಲ್ಲಿನ ಗುರುತಿನ ಚೀಟಿಯದು, ಹೆಬ್ಬೆಟ್ಟಿನಷ್ಟು. ಅದನ್ನು ಚೌಕ ಹಾಕಿ ದೊಡ್ಡದು ಮಾಡಿದರು. ಎಲೆಕ್ಷನ್ ಗೋಡೆಗೆ ಮುಖಂಡರ ಮುಖ ಮಾಡುತ್ತಿದ್ದ ಹಾಗೇ.

"ಮುಖ ಬಂತು, ಅಪ್ಪ ಬರಲಿಲ್ಲ" ಅಂದರು ಆಮೇಲೆ.

ಮೊದಲ ಮೂವತ್ತು ಚಿತ್ರ ಬೋರ್ಡುಗಳೇ ಅಂತ ಅವರೇ ಒಪ್ಪುತ್ತಾರೆ. ಓಡುವ ಬಸ್ಸಿನಿಂದ ನೋಡಿದರೂ ಓದಲು ಬರಬೇಕು, ಅದು ಬೋರ್ಡ್. ನಲವತ್ತು ವರ್ಷ ಕೈಗೆ ಹತ್ತಿದ್ದು ಅದೇ. ಎಲ್ಲಕ್ಕೂ ಕಪ್ಪು ಔಟ್‌ಲೈನ್, ಬಲಗಡೆಗೆ ಶೇಡ್. ಮನುಷ್ಯರೂ ದಪ್ಪ ಅಕ್ಷರದ ಥರ ನಿಲ್ಲುತ್ತಿದ್ದರು. ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದ ಚಿತ್ರಕಲೆ ಓದುವ ಹುಡುಗಿಯೊಬ್ಬಳು ಒಂದು ದಿನ ಬಾಗಿಲಲ್ಲಿ ನಿಂತು ನೋಡಿದಳಂತೆ. ಔಟ್‌ಲೈನ್ ತೆಗೆಯಬೇಕಾ ಅಂತ ಮಾವ ಕೇಳಿದರು. ಬೇಡ ಅಂಕಲ್, ಅದು ನಿಮ್ಮ ಕೈ, ಶೇಡ್ ಮಾತ್ರ ಒಂದೇ ಕಡೆಗೆ ಯಾಕೆ ಬೀಳಬೇಕು, ಬೆಳಕು ಎಲ್ಲಿಂದ ಬರುತ್ತೆ ನೋಡಿ ಅಂದಳಂತೆ. ಅಷ್ಟೇ ಪಾಠ. ಅದಾದ ಮೇಲೆ ಅವರು ಬೆಳಿಗ್ಗೆ ಐದೂವರೆಗೆ ಬೀದಿಗೆ ಬಂದು ನಿಂತು ಬೆಳಕು ನೋಡಲು ಶುರು ಮಾಡಿದರು. ಅತ್ತೆಗೆ ಗಾಬರಿ.

ಈಗ ಅವರ ಹತ್ತಿರ ನೂರಕ್ಕೆ ಹತ್ತಿರ ಚಿತ್ರಗಳಿವೆ. ಹೆಚ್ಚಿನವು ಮಿಲ್ಲಿನ ಗೇಟು, ಪಾಳಿ ಬಿಟ್ಟು ಹೊರಗೆ ಬರುವ ಜನ. ಕೈಯಲ್ಲಿ ಊಟದ ಡಬ್ಬಿ, ತಲೆಕೂದಲಲ್ಲಿ ಹತ್ತಿಯ ನಾರು. ತಾತನ ಕಿವಿಯನ್ನೇ ಬರೆದ ಒಂದು ಚಿತ್ರವಿದೆ, ಬರೀ ಕಿವಿ, ಎರಡಡಿ ತಗಡಿನ ಮೇಲೆ. ಅದು ನನಗೆ ಬಹಳ ಇಷ್ಟ. ಎಲ್ಲವೂ ಅದೇ ಬಿಸ್ಕೆಟ್, ಅದೇ ಬೂದಿ. ಆ ಜಾಗದ ಈಗಿನ ಗೋಡೆಗಳ ಬಣ್ಣದಲ್ಲೇ ಆಗಿನ ಜನ.

ಇಲ್ಲಿಗೆ ನಿಲ್ಲಿಸಿದರೆ ಇದೂ ಒಂದು ‘ಇಳಿವಯಸ್ಸಿನಲ್ಲಿ ಅರಳಿದ ಪ್ರತಿಭೆ’ ಕಥೆಯಾಗುತ್ತದೆ. ನಾನು ಸ್ಟ್ರಿಂಗರ್ ಆಗಿ ಹತ್ತು ವರ್ಷದಲ್ಲಿ ಅಂಥವು ಹತ್ತಾರು ಬರೆದಿದ್ದೇನೆ. ಎಪ್ಪತ್ತರಲ್ಲಿ ಪಿಯುಸಿ ಪಾಸಾದ ಅಜ್ಜಿ, ನಿವೃತ್ತಿಯಾದ ಮೇಲೆ ಕೊಳಲು ಹಿಡಿದ ಮೇಷ್ಟ್ರು. ಮನಸ್ಸಿದ್ದರೆ ಮಾರ್ಗ, ವಯಸ್ಸು ಬರೀ ಲೆಕ್ಕ. ಓದಿದವರಿಗೆ ಖುಷಿ, ಫಾರ್ವರ್ಡ್ ಮಾಡಲು ಸುಲಭ. ಆದರೆ ಅವು ಅರ್ಧ ಸುಳ್ಳು ಅಂತ ಈಗ ಅನ್ನಿಸುತ್ತಿದೆ. ಮನಸ್ಸು ಮಾವನಿಗೆ ಹದಿನೈದಕ್ಕೂ ಇತ್ತು. ಇಲ್ಲದಿದ್ದದ್ದು ಪುರುಸೊತ್ತು. ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಾಗ ಅವರಿಗೆ ಪುರುಸೊತ್ತು ಸಿಕ್ಕಿತು. ಇದನ್ನು ಅವರ ಛಲದ ಗೆಲುವು ಅಂತ ಬರೆದರೆ ಯಾರನ್ನೋ ತಪ್ಪಿಸಿಕೊಳ್ಳಲು ಬಿಟ್ಟ ಹಾಗೆ.

ದೊಡ್ಡವರ ಕಥೆಯನ್ನೇ ತೆಗೆದುಕೊಳ್ಳಿ. ನಮ್ಮ ದೊಡ್ಡಬಳ್ಳಾಪುರದವರೇ ಒಬ್ಬರಿದ್ದಾರೆ, ರುಮಾಲೆ ಚೆನ್ನಬಸವಯ್ಯ. 1910ರಲ್ಲಿ ಹುಟ್ಟಿದವರು. ಅವರು ಇದೇ ಊರಿನವರು ಅಂತ ನನಗೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ‘ತಾಯಿನಾಡು, ಪಿ.ಆರ್. ರಾಮಯ್ಯ’ ಅಂತ ಬಾಯಿಪಾಠ ಮಾಡಿ ಎರಡು ಮಾರ್ಕ್ಸ್ ತೆಗೆದುಕೊಂಡಿದ್ದೆ. ಮುಂದೆ ಅದೇ ಪತ್ರಿಕೆಗೆ ನಮ್ಮೂರಿನ ಒಬ್ಬರು ಸಂಪಾದಕರಾಗಿದ್ದರು, ಅವರು ಒಂದು ದಿನ ಎಲ್ಲ ಬಿಟ್ಟು ಬ್ರಷ್ ಹಿಡಿದರು ಅಂತ ಯಾರೂ ಹೇಳಿಕೊಡಲಿಲ್ಲ.

ರುಮಾಲೆಯವರು ಹುಡುಗನಾಗಿದ್ದಾಗಲೇ ಚಿತ್ರ ಕಲಿಯಲು ಹೋದವರು. ಮೊದಲು ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರ ಕಲಾಮಂದಿರ, ಆಮೇಲೆ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ. ಅಷ್ಟರಲ್ಲಿ ಸ್ವಾತಂತ್ರ್ಯ ಚಳವಳಿ. ಓದು ಬಿಟ್ಟರು, ಸೇವಾದಳ ಸೇರಿದರು, ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಪತ್ರಿಕೆ, ವಿಧಾನ ಪರಿಷತ್ತು. 1960ರ ದಶಕದ ಶುರುವಿನಲ್ಲಿ, ಐವತ್ತು ದಾಟಿದ ಮೇಲೆ, ರಾಜಕಾರಣದಿಂದ ಸರಿದು ಪೂರ್ತಿ ಚಿತ್ರಕ್ಕೇ ಕೂತರು. 1988ರಲ್ಲಿ ತೀರಿಕೊಳ್ಳುವ ತನಕ ಬಿಡಲಿಲ್ಲ.

ಅವರು ಬರೆದದ್ದು ಹೆಚ್ಚಾಗಿ ಮರ. ಹೂ ಬಿಟ್ಟ ಮರ. ಕಬ್ಬನ್ ಪಾರ್ಕು, ಲಾಲ್‌ಬಾಗು, ರಸ್ತೆ ಬದಿಯ ಗುಲ್‌ಮೊಹರ್, ಜಕರಂಡ. ಮನೆಯಲ್ಲಿ ಕೂತು ನೆನಪಿನಿಂದಲ್ಲ, ಮರದ ಎದುರೇ ನಿಂತು. ಬಣ್ಣ ಹೇಗೆಂದರೆ, ಬಿಸಿಲು ಕಣ್ಣಿಗೆ ಹೊಡೆದ ಹಾಗೆ. ಈಗ ಆ ರಸ್ತೆಗಳಲ್ಲಿ ಆ ಮರಗಳಲ್ಲಿ ಎಷ್ಟೋ ಇಲ್ಲ, ಆ ಚಿತ್ರಗಳಲ್ಲಿ ಮಾತ್ರ ಉಳಿದಿವೆ. ಬಿನ್ನಿ ಮಿಲ್ಲಿನ ಜನ ಮಾವನ ತಗಡಿನಲ್ಲಿ ಉಳಿದ ಹಾಗೆ ಅಂತ ಹೇಳಿದರೆ ಅತಿಯಾಯಿತು ಅನ್ನುತ್ತೀರಿ. ನಾನು ಅವರ ಅಳಿಯ, ಹೇಳುವವನೇ.

ರುಮಾಲೆಯವರದು ತಡವಾದ ಆರಂಭ ಅಂತ ಬರೆಯುವುದು ಸುಲಭ. ನನಗೆ ಅದು ವಾಪಸು ಬಂದದ್ದು ಅನ್ನಿಸುತ್ತದೆ. ಕೈಗೆ ವಿದ್ಯೆ ಹತ್ತಿತ್ತು, ಮೂವತ್ತು ವರ್ಷ ದೇಶದ ಕೆಲಸಕ್ಕೆ ಹೋಯಿತು, ಆಮೇಲೆ ಬಿಟ್ಟ ಜಾಗದಿಂದ ಮುಂದುವರಿಸಿದರು. ಅವರ ಮೂವತ್ತು ವರ್ಷವನ್ನು ನಾವು ತ್ಯಾಗ ಅನ್ನುತ್ತೇವೆ. ಸರಿಯೇ. ಮಾವ ಹದಿನೈದು ವರ್ಷ ಗೋಡೆಗೆ ಪುಟ್ಟಿ ಬಳಿದದ್ದಕ್ಕೆ ನಮ್ಮಲ್ಲಿ ಹೆಸರಿಲ್ಲ. ಹೊಟ್ಟೆಪಾಡು ಅಂದು ಮುಂದೆ ಹೋಗುತ್ತೇವೆ. ಹೋಲಿಕೆ ಮಾಡುತ್ತಿಲ್ಲ, ಜೈಲಿಗೂ ಪುಟ್ಟಿಗೂ ಹೋಲಿಕೆಯಿಲ್ಲ. ಆದರೆ ಇಬ್ಬರ ಕೈಯೂ ಕಾದದ್ದು ನಿಜ.

ರವೀಂದ್ರನಾಥ ಟಾಗೋರರೂ ಅರವತ್ತು ದಾಟಿದ ಮೇಲೆ ಚಿತ್ರಕ್ಕೆ ಕೂತವರು. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಒಂದಕ್ಕೊಂದು ಸೇರಿಸಿ ಹಕ್ಕಿ, ಮುಖ ಮಾಡುತ್ತಾ ಹೋದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನವೇ ಆಯಿತು. ಆದರೆ ಅವರಿಗೆ ಅಷ್ಟು ಹೊತ್ತಿಗೆ ನೊಬೆಲ್ ಬಂದು ಹದಿನೇಳು ವರ್ಷ. ಏನು ಗೀಚಿದರೂ ನೋಡಲು ಜನ ಇದ್ದರು. ಟಾಗೋರ್ ಕಥೆ ಹೇಳಿ ಬಿನ್ನಿಪೇಟೆಯವನಿಗೆ ‘ನೀನೂ ಆಗಬಹುದು’ ಅಂದರೆ ಅದು ತಮಾಷೆ.

ನಮಗೆ ಹತ್ತಿರದ ಕಥೆ ಬೇರೆ. ಮಧ್ಯಪ್ರದೇಶದ ಉಮರಿಯಾ ಜಿಲ್ಲೆಯ ಲೋರ್ಹಾ ಅನ್ನುವ ಹಳ್ಳಿ. ಅಲ್ಲಿ ಜೋಧಯ್ಯಾ ಬಾಯಿ ಬೈಗಾ ಅಂತ ಆದಿವಾಸಿ ಹೆಂಗಸು. ಕೂಲಿ ಮಾಡಿ, ಕಾಡಿನ ಸೌದೆ ಮಾರಿ ಮಕ್ಕಳನ್ನು ಸಾಕಿದವರು. ಬ್ರಷ್ ಹಿಡಿದದ್ದು ಎಪ್ಪತ್ತರ ಆಸುಪಾಸಿನಲ್ಲಿ. 2023ರಲ್ಲಿ ಪದ್ಮಶ್ರೀ ಬಂತು, 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಪೇಪರ್‌ಗಳೆಲ್ಲ ವಯಸ್ಸನ್ನೇ ಹೆಡ್‌ಲೈನ್ ಮಾಡಿದವು. ನನಗೆ ಅದರಲ್ಲಿ ಮುಖ್ಯ ಅನ್ನಿಸಿದ್ದು ಇನ್ನೊಂದು: ಆಶಿಶ್ ಸ್ವಾಮಿ ಅನ್ನುವ ಕಲಾವಿದ ಆ ಹಳ್ಳಿಯಲ್ಲೇ ಒಂದು ಸ್ಟುಡಿಯೊ ತೆರೆದು ಕೂತಿದ್ದರು. ಯಾರು ಬೇಕಾದರೂ ಬಂದು ಬರೆಯಬಹುದಿತ್ತು. ಜಾಗ ಇತ್ತು, ಬಣ್ಣ ಇತ್ತು, ನೋಡುವ ಒಬ್ಬ ಮನುಷ್ಯ ಇದ್ದ.

ಅದೇ ರಾಜ್ಯದ ಭೂರಿ ಬಾಯಿಯೂ ಹಾಗೇ. ಭೋಪಾಲದಲ್ಲಿ ಭಾರತ ಭವನ ಕಟ್ಟುವಾಗ ಅಲ್ಲಿ ಕೂಲಿಗೆ ಬಂದಿದ್ದ ಭಿಲ್ ಹುಡುಗಿ. ಜೆ. ಸ್ವಾಮಿನಾಥನ್ ಅನ್ನುವ ದೊಡ್ಡ ಕಲಾವಿದರು ನಿಮ್ಮ ಮನೆ ಗೋಡೆಯ ಮೇಲೆ ಬರೆಯುವುದನ್ನೇ ಇಲ್ಲಿ ಬರಿ ಅಂತ ಹೇಳಿದರು. ಕೂಲಿ ತಪ್ಪುತ್ತದಲ್ಲ ಅನ್ನುವುದು ಆಕೆಯ ಚಿಂತೆ. ಚಿತ್ರ ಬರೆದದ್ದಕ್ಕೇ ದುಡ್ಡು ಕೊಟ್ಟರು. 2021ರಲ್ಲಿ ಆಕೆಗೂ ಪದ್ಮಶ್ರೀ. ಅವತ್ತು ಕೂಲಿ ಕೊಡದೆ ಬರೀ ಬೆನ್ನು ತಟ್ಟಿದ್ದರೆ ಆಕೆ ಮತ್ತೆ ಇಟ್ಟಿಗೆ ಹೊರಲು ಹೋಗುತ್ತಿದ್ದಳು, ತಪ್ಪೇನು?

ನಮ್ಮಲ್ಲೂ ಇಂಥ ದಾರಿ ಮಾಡಿಕೊಟ್ಟವರು ಇಲ್ಲದಿಲ್ಲ. ‘ಚಂದಮಾಮ’ದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯ ಆಮೇಲೆ ಬೆಂಗಳೂರಿಗೆ ಬಂದು ಅಂಚೆಯಲ್ಲಿ ಚಿತ್ರಕಲೆ ಕಲಿಸುವ ಶಾಲೆ ನಡೆಸಿದರು. ಊರು ಬಿಡಲಾಗದವರು, ಹಗಲು ಹೊಲದಲ್ಲಿ ದುಡಿಯುವವರು ರಾತ್ರಿ ದೀಪದ ಬುಡದಲ್ಲಿ ಬರೆದು ಪೋಸ್ಟ್ ಮಾಡಬಹುದಿತ್ತು. ಯೂಟ್ಯೂಬ್ ಇಲ್ಲದ ಕಾಲದ ಮಾತು. ಯೂಟ್ಯೂಬ್ ಇರುವ ಕಾಲದಲ್ಲಿ ಕಲಿಯುವುದಕ್ಕೆ ಕೊರತೆಯಿಲ್ಲ, ಆದರೆ ಅದು ನಿಮ್ಮ ಚಿತ್ರವನ್ನು ನೋಡಿ ‘ಶೇಡ್ ಯಾಕೆ ಒಂದೇ ಕಡೆಗೆ’ ಅಂತ ಕೇಳುವುದಿಲ್ಲ.

ಬೋರ್ಡ್ ಬರೆದವರೆಲ್ಲ ಕಲಾವಿದರೇ ಅಂತ ನಾನು ಹೇಳುತ್ತಿಲ್ಲ. ಮಾವನೇ ಒಪ್ಪುವುದಿಲ್ಲ. ಅವರ ಜೊತೆ ಕಲಿತವರಲ್ಲಿ ಒಬ್ಬರಿಗೆ ಬೋರ್ಡ್ ಸಾಕಾಗಿತ್ತು, ಈಗ ಆಟೊ ಓಡಿಸುತ್ತಾರೆ, ಸುಖವಾಗಿದ್ದಾರೆ. ನೋಡಿದ್ದನ್ನು ಹಾಗೇ ಇಳಿಸುವುದು ಬೇರೆ, ‘ಮುಖ ಬಂತು, ಅಪ್ಪ ಬರಲಿಲ್ಲ’ ಅಂತ ನಿದ್ದೆಗೆಡುವುದು ಬೇರೆ. ಆದರೆ ಎರಡನೆಯದು ಆಕಾಶದಿಂದ ಬೀಳುವುದಿಲ್ಲ, ಮೊದಲನೆಯದರ ಮೇಲೇ ನಿಲ್ಲುತ್ತದೆ. ಎಂ.ಎಫ್. ಹುಸೇನ್ ಮುಂಬೈಯಲ್ಲಿ ಸಿನಿಮಾ ಬೋರ್ಡ್ ಬರೆದು ಬದುಕಿದವರು. ಅವರು ದೊಡ್ಡವರಾದ ಮೇಲೆ ಆ ಬೋರ್ಡುಗಳನ್ನು ಎಲ್ಲರೂ ತರಬೇತಿ ಅಂದರು. ಯೂಸುಫ್ ಅರಕ್ಕಲ್ ಕೇರಳದಿಂದ ಹುಡುಗನಾಗಿದ್ದಾಗ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ದುಡಿಯುತ್ತಾ ಚಿತ್ರ ಕಲಿತವರು. ಅವರ ಚಿತ್ರಗಳಲ್ಲಿ ಬೀದಿಯ ಒಂಟಿ ಮನುಷ್ಯರು ತುಂಬಿದ್ದಾರೆ. ಅದಕ್ಕೆ ಅನುಭವ ಅನ್ನುತ್ತೇವೆ. ಹೆಸರು ಬರದವನ ಬೋರ್ಡು ಮಾತ್ರ ಬೋರ್ಡೇ.

ಈಗ ನಿಜವಾದ ಸಮಸ್ಯೆಗೆ ಬರುತ್ತೇನೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನ ಕೊಡುತ್ತದೆ. 58 ವರ್ಷ ತುಂಬಿರಬೇಕು, ಜೊತೆಗೆ ಬಹಳ ವರ್ಷ ಕಲೆಯಲ್ಲಿ ದುಡಿದದ್ದಕ್ಕೆ ದಾಖಲೆ ಬೇಕು. ಮಾವ ಏಣಿ ಹತ್ತುವ ಹಾಗಿಲ್ಲ, ಸಂಪಾದನೆ ಇಲ್ಲ. ಅರ್ಜಿ ಹಾಕೋಣ ಅಂತ ನಾನೇ ಸೈಬರ್ ಸೆಂಟರ್‌ಗೆ ಕರೆದುಕೊಂಡು ಹೋದೆ. ದಾಖಲೆ ಏನಿದೆ? ಇಪ್ಪತ್ತೈದು ವರ್ಷ ಬರೆದ ಬೋರ್ಡುಗಳು ತುಕ್ಕು ಹಿಡಿದು ಗುಜರಿ ಸೇರಿವೆ. ಗೋಡೆಗಳ ಮೇಲೆ ಸುಣ್ಣ ಬಿದ್ದಿದೆ. ಪ್ರದರ್ಶನಕ್ಕೆ ಅಂತ ಒಂದು ಕಡೆ ಹಿಂದೆ ಫಾರಂ ತುಂಬಿದ್ದರು, ‘ಕಲಾ ವಿದ್ಯಾರ್ಹತೆ’ ಅನ್ನುವ ಜಾಗ ಖಾಲಿ ಬಿಟ್ಟಿದ್ದಕ್ಕೆ ಅಲ್ಲಿಂದ ಉತ್ತರವೇ ಬರಲಿಲ್ಲ. ಉಳಿದದ್ದು ಒಂದೇ, ಪೇಪರ್ ಕಟಿಂಗ್. ನಾನು ಬರೆದದ್ದು.

ಸೈಬರ್ ಸೆಂಟರ್ ಹುಡುಗ ಸ್ಕ್ಯಾನ್ ಮಾಡುವಾಗ ಓದಿದ. "ಸಾರ್, ಇದರಲ್ಲಿ ಪೇಂಟರ್ ಅಂತಿದೆ. ಕಲಾವಿದ ಅಂತ ಎಲ್ಲೂ ಇಲ್ವಲ್ಲ. ಫೋಟೊನೂ ಏಣಿ ಮೇಲಿಂದು. ಇದು ಹಾಕೋದಾ?"

ಮಾವ ಬೇಡ ಅಂದರು. ವಾಪಸು ಬರುವಾಗ ದಾರಿಯಲ್ಲಿ ಕಬ್ಬಿನ ಹಾಲು ಕುಡಿಸಿದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಈ ಕಟ್ಟೆಯಲ್ಲಿ ಬರೆಯುವ ನಮ್ಮವರಿಗೆ ಮೊದಲು ಹೇಳುತ್ತೇನೆ, ನನಗೂ ಸೇರಿಸಿ. ಡೆಸ್ಕ್ ಕೇಳಿದ ತಕ್ಷಣ ಏಣಿ ತರಿಸಬೇಡಿ. ಒಂದು ಪದ ಬದಲಾದರೆ ಏನಾಗುತ್ತೆ ಅಂದುಕೊಳ್ಳುತ್ತೇವೆ. ಕಾಲಮ್ಮಿನ ಲೆಕ್ಕದಲ್ಲಿ ದುಡ್ಡು ಬರುವವನಿಗೆ ಡೆಸ್ಕ್‌ನವರ ಜೊತೆ ಜಗಳಕ್ಕೆ ಧೈರ್ಯ ಇರುವುದಿಲ್ಲ, ಗೊತ್ತು. ನನಗೂ ಇರಲಿಲ್ಲ. ಆ ಪದ ಯಾರದೋ ಮುಪ್ಪಿನ ಊಟ ಆಗಿರಬಹುದು ಅಂತ ಈಗ ತಿಳಿಯಿತು.

ಇನ್ನು ಊರಿನವರಿಗೆ. ಪ್ರತಿ ವರ್ಷ ನಮ್ಮ ಶಾಲೆ, ಅಂಗನವಾಡಿ, ಪಂಚಾಯಿತಿ ಕಟ್ಟಡಗಳ ಗೋಡೆ ಮೇಲೆ ಏನಾದರೂ ಬರೆಸುತ್ತಲೇ ಇರುತ್ತಾರೆ. ಗಿಡ ನೆಡಿ, ನೀರು ಉಳಿಸಿ, ಅ ಆ ಇ ಈ, ಆನೆ, ನವಿಲು. ಎಲ್ಲಿಂದಲೋ ಬಂದ ಗುತ್ತಿಗೆದಾರ ಚದರಡಿ ಲೆಕ್ಕದಲ್ಲಿ ಬರೆಸಿ ಹೋಗುತ್ತಾನೆ, ಎಲ್ಲ ಊರಲ್ಲೂ ಅದೇ ನವಿಲು. ನಿಮ್ಮೂರಿನಲ್ಲಿ ಹಳೇ ಬೋರ್ಡ್ ಬರೆಯುವವರು ಯಾರಾದರೂ ಇದ್ದರೆ ಆ ಕೆಲಸ ಅವರಿಗೆ ಕೊಡಿ ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಮೂಲೆಯಲ್ಲಿ ಅವರ ಹೆಸರು, ಇಸವಿ ಬರೆಯಲು ಬಿಡಿ. ಪಂಚಾಯಿತಿಯಿಂದ ಒಂದು ಕಾಗದ ಕೊಡಿ. ಇಂಥ ವರ್ಷ ಇಂಥ ಗೋಡೆಗೆ ಚಿತ್ರ ಬರೆದಿದ್ದಾರೆ ಅಂತ ಎರಡು ಸಾಲು, ಒಂದು ಸೀಲು. ನಾಳೆ ಅರ್ಜಿಗೆ ಅದೇ ದಾಖಲೆ. ಮೂರು ಕಾಸಿನ ಖರ್ಚಿಲ್ಲ.

ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಸಂಜೆ ಹೊತ್ತು ಅಲ್ಲಿ ಒಂದು ಮೂಲೆ, ನಾಲ್ಕು ರಟ್ಟು, ಒಂದಿಷ್ಟು ಬಣ್ಣ ಇಟ್ಟರೆ ಮಕ್ಕಳಿಗೆ ಮಾತ್ರ ಅಂತ ಬೋರ್ಡ್ ಹಾಕಬೇಡಿ. ಬರುವವರು ಬರಲಿ. ನಮ್ಮಮ್ಮ ಬರುತ್ತಾಳೋ ಏನೋ, ಸಂಕ್ರಾಂತಿಗೆ ಅವಳು ಹಾಕುವ ರಂಗೋಲಿ ನೋಡಿ ಮಾವನೇ ಸುಮ್ಮನಾಗುತ್ತಾರೆ. ‘ನನಗೆ ಕಲಿಸಿದ್ದು ಮೇಸ್ತ್ರಿ ಅಲ್ಲ, ನಮ್ಮಕ್ಕ’ ಅಂತ ಒಂದು ಸಲ ಹೇಳಿದ್ದರು. ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಜನವರಿಯಲ್ಲಿ ಮಾವನನ್ನು ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಕರೆದುಕೊಂಡು ಹೋಗಿದ್ದೆ, ಸುಮ್ಮನೆ ನೋಡಲು. ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರ, ಜನ. ಮಂಡಿ ನೋವಿನಲ್ಲೂ ಮೂರು ಗಂಟೆ ನಡೆದರು. ಕೊನೆಗೆ ಫುಟ್‌ಪಾತಿನಲ್ಲಿ ಕೂತು, "ಔಟ್‌ಲೈನ್ ಇರೋವು ಹನ್ನೊಂದು ನೋಡಿದೆ" ಅಂದರು. ಸಮಾಧಾನ ಆಗಿತ್ತು ಅನ್ನಿಸುತ್ತೆ. ಮುಂದಿನ ಸಲ ಜಾಗಕ್ಕೆ ಅರ್ಜಿ ಹಾಕೋಣವಾ ಅಂತ ಕೇಳಿದೆ. ನೋಡೋಣ ಅಂದರು.

ಈ ಬರಹದಲ್ಲಿ ಅವರನ್ನು ಕಲಾವಿದ ಅಂತಲೇ ಬರೆಯುತ್ತೇನೆ, ಪ್ರಿಂಟ್ ತೆಗೆದು ಅರ್ಜಿಗೆ ಹಾಕಬಹುದು ಅಂದೆ. ಬರಿ, ಆದ್ರೆ ನನ್ನ ಹೆಸರು ಹಾಕಬೇಡ, ಒಂದು ಸಲ ಹಾಕಿದ್ದು ಸಾಕು ಅಂದರು. ಹೆಸರಿಲ್ಲದ ಕಟಿಂಗ್ ಯಾವ ಅರ್ಜಿಗೂ ಆಗುವುದಿಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಹೋದ ವಾರ ಫೋನ್ ಮಾಡಿದ್ದರು. ಕ್ಯಾನ್ವಾಸ್ ದುಬಾರಿ, ಕೈಗೂ ಒಗ್ಗುವುದಿಲ್ಲ, ತಗಡೇ ಸರಿ ಅಂತೆ. ದೊಡ್ಡಬಳ್ಳಾಪುರದ ಗುಜರಿಯಲ್ಲಿ ಹಳೇ ಅಂಗಡಿ ಬೋರ್ಡು ಸಿಕ್ಕಿದರೆ ಇಟ್ಟಿರು ಅಂದರು. ಮೂರಡಿ ನಾಲ್ಕಡಿ. ಅಕ್ಷರ ಇದ್ದರೆ ಉಜ್ಜಿಸಬೇಡ, ಹಾಗೇ ತಾ, ಮೊದಲು ಯಾರ ಕೈ ಅಂತ ನೋಡ್ತೀನಿ.